ದಿನಕ್ಕೆ 34 ರೂಪಾಯಿ
ಕೇರಳದ ಹಳ್ಳಿಗಳಿಗೆ ಬಡತನದ ರೇಖೆ ಎಲ್ಲಿತ್ತು ಗೊತ್ತಾ? ಬಡತನ ಅಳೆಯಲು ಕೇಂದ್ರ ನೇಮಿಸಿದ್ದ ತೆಂಡೂಲ್ಕರ್ ಸಮಿತಿಯ ಲೆಕ್ಕದ ಪ್ರಕಾರ 2011-12ರಲ್ಲಿ ಒಬ್ಬರಿಗೆ ತಿಂಗಳಿಗೆ 1018 ರೂಪಾಯಿ ಖರ್ಚು. ದಿನಕ್ಕೆ ಸುಮಾರು 34. ಪೇಟೆಯವರಿಗೆ ಇನ್ನೂ ಕಡಿಮೆ, 987! 2014ರಲ್ಲಿ ರಂಗರಾಜನ್ ಸಮಿತಿ ದೇಶದ ರೇಖೆಯನ್ನು ಸ್ವಲ್ಪ ಮೇಲೆತ್ತಲು ಹೇಳಿತು. ಅದು ಜಾರಿಗೆ ಬರಲೇ ಇಲ್ಲ.

2025ರಲ್ಲಿ ತೆಂಗಿನೆಣ್ಣೆ ಲೀಟರಿಗೆ 400 ದಾಟಿತ್ತು. ತೆಂಗಿನ ತೋಟದ ನಡುವೆ ಕೂತು ಪಾಮೋಲಿನ್‌ನಲ್ಲಿ ಒಗ್ಗರಣೆ ಹಾಕಿದವರು ನಾವು.

ಆದರೆ ನಮ್ಮ ಕಾಸರಗೋಡಿನವರಿಗೆ ಊಟಕ್ಕಿಂತ ಆಸ್ಪತ್ರೆಯದ್ದೇ ಹೆದರಿಕೆ. ಕಾಯಿಲೆ ಸ್ವಲ್ಪ ಜಾಸ್ತಿಯಾದರೆ ತಲಪಾಡಿ ಗಡಿ ದಾಟಿ ಮಂಗಳೂರಿಗೇ ಓಡಬೇಕು. ಸ್ಕ್ಯಾನಿಂಗ್, ಮದ್ದು, ಜೊತೆಗೆ ಹೋದವರ ಊಟ. ಆ ದಿನದ ಕೂಲಿ ಹೋದದ್ದು ಬೇರೆ. ಇದೆಲ್ಲ ಆ 34 ರೂಪಾಯಿಯ ಯಾವ ಮೂಲೆಯಲ್ಲಿ ಹಿಡಿಸುತ್ತದೆ?

ರೇಷನ್ ಕಾರ್ಡಿನದ್ದು ಇನ್ನೊಂದು ಲೆಕ್ಕ. ಮನೆ ಸಾವಿರ ಚದರಡಿ ದಾಟಿದರೆ ಬಡವರಿಗೆ ಕೊಡುವ ಪಿಂಕ್ ಕಾರ್ಡ್ ಇಲ್ಲ. ಪಕ್ಕದ ಮನೆಯ ಅಕ್ಕ ಬೀಡಿ ಕಟ್ಟುತ್ತಾರೆ. ಮಗ ಗಲ್ಫಿನಲ್ಲಿದ್ದಾಗ ಕಟ್ಟಿಸಿದ ಮನೆ ದೊಡ್ಡದೇ. ಮಗ ಈಗ ಊರಲ್ಲಿ ಕೆಲಸವಿಲ್ಲದೆ ಕೂತಿದ್ದಾನೆ. "ಗೋಡೆ ಬೇಯಿಸಿ ತಿನ್ನಕ್ಕಾಗುತ್ತಾ?" ಅಂತ ಕೇಳುತ್ತಾರೆ ಅಕ್ಕ.

2025ರ ನವೆಂಬರ್ 1ಕ್ಕೆ ಕೇರಳ ಅತಿ ಬಡತನದಿಂದ ಮುಕ್ತ ಅಂತ ಘೋಷಣೆಯಾಯಿತು. ಅದಕ್ಕೆ ಅತಿ ಬಡವರ ಪಟ್ಟಿ ಮಾಡುವಾಗ ಬರೀ ದುಡ್ಡಲ್ಲ, ಊಟ, ಆರೋಗ್ಯ, ಮನೆ, ಆದಾಯ ನಾಲ್ಕನ್ನೂ ನೋಡಿದ್ದರು. ಸುಮ್ನೆ ಒಂದು ಗೆರೆ ಎಳೆಯುವುದಕ್ಕಿಂತ ಇದು ಎಷ್ಟೋ ವಾಸಿ. ಆದರೂ ಅಕ್ಕನಂಥವರು ಅಂಥ ಪಟ್ಟಿಯಲ್ಲೂ ಸಿಗುವುದು ಕಷ್ಟ. ಮನೆ ಇದೆಯಲ್ವಾ!