ಒಲಿಂಪಿಕ್ಸ್‌ನಲ್ಲಿ ದೇವರಿಗೇನು ಕೆಲಸ?

ನನಗೆ ಗ್ರೀಕ್ ಪುರಾಣದ ಹುಚ್ಚಿದೆ ಅಂತ ಗೊತ್ತಾದವರು ಒಂದಲ್ಲ ಒಂದು ದಿನ ಇದನ್ನು ಕೇಳಿಯೇ ಕೇಳುತ್ತಾರೆ: "ಒಲಿಂಪಿಕ್ಸ್ ಅಂದ್ರೆ ಆಟ ತಾನೇ? ಅದರಲ್ಲಿ ದೇವರಿಗೇನು ಕೆಲಸ?"

ಅದು ದೇವರ ಜಾತ್ರೆಯೇ ಆಗಿತ್ತು ಅನ್ನುವುದು ನನ್ನ ಉತ್ತರ. ಹಳೇ ಗ್ರೀಸಿನಲ್ಲಿ ಈ ಆಟಗಳು ನಡೆಯುತ್ತಿದ್ದ ಒಲಿಂಪಿಯಾ ಅನ್ನೋದು ಊರಲ್ಲ, ಜ್ಯೂಸ್‌ನ ಕ್ಷೇತ್ರ. (ಕುಡಿಯುವ ಜ್ಯೂಸ್ ಅಲ್ಲ, ದೇವತೆಗಳ ರಾಜ.) ಕ್ರಿ.ಪೂ. 776ರಲ್ಲಿ ಶುರುವಾಯಿತು ಅಂತ ಗ್ರೀಕರೇ ಲೆಕ್ಕ ಇಟ್ಟಿದ್ದರು. ಮೊದಲಿಗೆ ಇದ್ದದ್ದು ಒಂದೇ ಓಟ, ಸುಮಾರು 192 ಮೀಟರ್. ಆಮೇಲೆ ಕುಸ್ತಿ, ರಥದ ಪಂದ್ಯ ಎಲ್ಲ ಸೇರಿ ಐದು ದಿನಕ್ಕೆ ಬೆಳೆಯಿತು. ಆದರೆ ಆ ಐದು ದಿನದಲ್ಲಿ ದೊಡ್ಡದು ನೂರು ಎತ್ತುಗಳ ಬಲಿ.

ಬಲಿಪೀಠದ ವಿಷಯ ಹೇಳಲೇಬೇಕು. ಅದು ಕಲ್ಲಿನದಲ್ಲ, ಬೂದಿಯದು! ಬಲಿಪ್ರಾಣಿಯ ತೊಡೆಗಳನ್ನು ಸುಟ್ಟ ಬೂದಿಯನ್ನು ವರ್ಷಕ್ಕೊಮ್ಮೆ ಆಲ್ಫಿಯಸ್ ನದಿಯ ನೀರಲ್ಲಿ ಕಲಸಿ ಅದಕ್ಕೇ ಮೆತ್ತುತ್ತಿದ್ದರು. ಬೇರೆ ನೀರು ನಡೆಯುತ್ತಿರಲಿಲ್ಲ. ಹಾಗೆ ಬೆಳೆದೂ ಬೆಳೆದೂ ಅದು 22 ಅಡಿ ಎತ್ತರ ಆಗಿತ್ತು ಅಂತ ಕ್ರಿ.ಶ. 2ನೇ ಶತಮಾನದ ಪ್ರವಾಸಿ ಪೌಸಾನಿಯಸ್ ಬರೆದಿದ್ದಾನೆ. ಅಷ್ಟು ರಕ್ತ, ಮಾಂಸ ಇದ್ದ ಮೇಲೆ ನೊಣ ಬರದೆ ಇರುತ್ತಾ? ಅದಕ್ಕೂ ಒಬ್ಬ ದೇವರಿದ್ದ, ನೊಣ ಓಡಿಸುವ ಜ್ಯೂಸ್. ಗ್ರೀಕ್ ಪುರಾಣದ ಮಹಾವೀರ ಹೆರಾಕ್ಲಿಸ್ ಒಮ್ಮೆ ನೊಣಗಳ ಕಾಟ ತಡೆಯಲಾರದೆ ಅವನಿಗೆ ಬಲಿ ಕೊಟ್ಟನಂತೆ, ನೊಣಗಳೆಲ್ಲ ನದಿಯ ಆಚೆ ಹೋದವಂತೆ. ನನಗೆ ಇಡೀ ಪುರಾಣದಲ್ಲಿ ಇಷ್ಟವಾದ ದೇವರು ಇವನೇ.

ಮೋಸ ಮಾಡಿದವರ ದಂಡವೂ ದೇವರಿಗೇ. ಕ್ರಿ.ಪೂ. 388ರಲ್ಲಿ ಯೂಪೋಲಸ್ ಎಂಬ ಬಾಕ್ಸರ್ ಎದುರಾಳಿಗಳಿಗೆ ಲಂಚ ಕೊಟ್ಟು ಸಿಕ್ಕಿಬಿದ್ದ. ಆ ದಂಡದ ದುಡ್ಡಲ್ಲಿ ಜ್ಯೂಸ್‌ನ ಕಂಚಿನ ಮೂರ್ತಿಗಳನ್ನು ಮಾಡಿಸಿ ಕ್ರೀಡಾಂಗಣಕ್ಕೆ ಹೋಗುವ ದಾರಿಯಲ್ಲೇ ನಿಲ್ಲಿಸಿದರು. ಅವುಗಳ ಮುಂದೆಯೇ ಹಾದು ಆಟಕ್ಕೆ ಹೋಗಬೇಕು. ದುಡ್ಡಿಂದಲ್ಲ, ಕಾಲಿನ ವೇಗ ಮತ್ತು ಮೈಯ ಬಲದಿಂದ ಗೆಲ್ಲಬೇಕು ಅಂತ ಒಂದರ ಕೆಳಗೆ ಕೆತ್ತಿಯೂ ಇತ್ತು.

ಎಲ್ಲ ಕಡೆ ಇದು ಸಂಭ್ರಮವೇ ಅಂದ್ಕೋಬೇಡಿ. ಗ್ರೀಸಿನ ಇನ್ನೊಂದು ಕ್ಷೇತ್ರ ನೆಮಿಯಾದಲ್ಲೂ ಇಂಥ ಆಟಗಳಿದ್ದವು, ಅವು ಒಂದು ಮಗುವಿನ ತಿಥಿಯಾಗಿ ಶುರುವಾದವು ಅಂತ ಕಥೆ. ನಡೆಯಲು ಕಲಿಯುವ ತನಕ ಮಗುವನ್ನು ನೆಲಕ್ಕೆ ಬಿಡಬೇಡಿ ಅಂತ ದೈವವಾಣಿ ಆಗಿತ್ತು. ಮಗುವಿನ ಹೆಸರು ಒಫೆಲ್ಟಿಸ್. ಯುದ್ಧಕ್ಕೆ ಹೊರಟ ಸೈನಿಕರು ಬಾಯಾರಿ ಬಂದು ನೀರೆಲ್ಲಿದೆ ಅಂತ ದಾದಿಯನ್ನು ಕೇಳಿದರು. ಚಿಲುಮೆ ತೋರಿಸಲು ಹೋಗುವಾಗ ಅವಳು ಮಗುವನ್ನು ಸೊಪ್ಪಿನ ಮೇಲೆ ಮಲಗಿಸಿದಳು. ನಮ್ಮ ಕೊತ್ತಂಬರಿಯ ಜಾತಿಯದೇ, ಕಾಡು ಸೆಲೆರಿ. ಅವರು ವಾಪಸ್ ಬರುವಷ್ಟರಲ್ಲಿ ಹಾವು ಮಗುವನ್ನು ಕೊಂದಿತ್ತು.

ಅದಕ್ಕೇ ನೆಮಿಯಾದಲ್ಲಿ ತೀರ್ಪುಗಾರರು ಕಪ್ಪು ಬಟ್ಟೆ ಉಟ್ಟು ಕೂರುತ್ತಿದ್ದರು. ಗೆದ್ದವನ ತಲೆಗೆ ಅದೇ ಸೊಪ್ಪಿನ ಕಿರೀಟ ಇಡುತ್ತಿದ್ದರು.