ಚೈನ್ ಬಿಸಿನೆಸ್ ಅಂದರೆ ಮಂದಿ ಯಾಕೆ ಮುಖ ತಿರುಗಿಸುತ್ತಾರೆ?

ಹುಬ್ಬಳ್ಳಿಯಲ್ಲಿ ಹದಿನೆಂಟು ವರ್ಷದಿಂದ ಸಣ್ಣ ವ್ಯಾಪಾರಿಗಳ ಲೆಕ್ಕ ಬರೆಯುವುದು, ಇನ್‌ಕಮ್ ಟ್ಯಾಕ್ಸ್ ರಿಟರ್ನ್ ತುಂಬುವುದು ನನ್ನ ಕೆಲಸ. ಪ್ರತಿ ಜುಲೈನಲ್ಲಿ ಇಬ್ಬರು ಮೂವರಾದರೂ ಹುಡುಗರು ಒಂದೇ ಕಾರಣಕ್ಕೆ ನನ್ನ ಹತ್ತಿರ ಬರುತ್ತಾರೆ. ಅವರು ಚೈನ್ ಬಿಸಿನೆಸ್ ಮಾಡುವವರು, ಅಂದರೆ ಯಾವುದೋ ಕಂಪನಿಯ ಮಾಲು ಮಾರುತ್ತ, ತಮ್ಮ ಕೆಳಗೆ ಇನ್ನಷ್ಟು ಮಂದಿಯನ್ನು ಸೇರಿಸುತ್ತ ಹೋಗುವವರು. ಆ ಕಂಪನಿ ಅವರಿಗೆ ಕಮಿಷನ್ ಕೊಟ್ಟು, ಅದರಲ್ಲಿ ಟಿಡಿಎಸ್, ಅಂದರೆ ಮೊದಲೇ ಕತ್ತರಿಸುವ ತೆರಿಗೆ, ಹಿಡಿದಿರುತ್ತದೆ. ಅದು ವಾಪಸ್ ಬೇಕು. ಕಾಗದ ಟೇಬಲ್ ಮೇಲಿಟ್ಟು, ದನಿ ತಗ್ಗಿಸಿ ಕೇಳುತ್ತಾರೆ: "ಸರ, ಇದೂ ಒಂದು ಬಿಸಿನೆಸ್ ಅಲ್ರಿ? ಮತ್ತ ಚೈನ್ ಸಿಸ್ಟಮ್ ಅಂದ ಕೂಡ್ಲೇ ಮಂದಿ ಯಾಕ ಮಾರಿ ತಿರುಗಸ್ತಾರ್ರಿ?"

ಮದುವೆ ಮನೆಯಲ್ಲೂ ಕೇಳುತ್ತಾರೆ. ಉಣಕಲ್ ಕೆರೆಯ ಹತ್ತಿರ ಬೆಳಿಗ್ಗೆ ವಾಕಿಂಗ್ ಹೋದಾಗಲೂ ಕೇಳುತ್ತಾರೆ. ನಿಂತಲ್ಲೇ ಅರ್ಧ ಉತ್ತರ ಕೊಟ್ಟು ಬಂದಾಗೆಲ್ಲ ನನಗೆ ಸಮಾಧಾನ ಆಗುವುದಿಲ್ಲ. ಅದಕ್ಕೆ ಪೂರ್ತಿಯಾಗಿ ಇಲ್ಲಿ ಬರೆಯುತ್ತಿದ್ದೇನೆ.

ಕಂಪನಿಯ ಮೀಟಿಂಗ್‌ಗಳಲ್ಲಿ ಈ ಹುಡುಗರಿಗೆ ಒಂದು ಉತ್ತರ ಕಲಿಸಿರುತ್ತಾರೆ. ನಮ್ಮ ಜನಕ್ಕೆ ನೌಕರಿ ಅಂದರೆ ಮೇಲು, ಮಾರಾಟ ಅಂದರೆ ಕೀಳು, ನೀವು ಮುಂದೆ ಬರುವುದನ್ನು ಕಂಡು ಅವರಿಗೆ ಹೊಟ್ಟೆಕಿಚ್ಚು ಅಂತ. ಇದನ್ನು ನಾನು ಒಪ್ಪುವುದಿಲ್ಲ. ಹುಬ್ಬಳ್ಳಿ ಬೆಳೆದದ್ದೇ ವ್ಯಾಪಾರದಿಂದ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಮಾಡುವವರನ್ನು, ಬೆಟಗೇರಿಯಲ್ಲಿ ನೇಯ್ದ ಸೀರೆ ಮಾರುವವರನ್ನು ಯಾರೂ ಕೀಳಾಗಿ ಕಾಣುವುದಿಲ್ಲ. ನಮ್ಮ ಓಣಿಗೆ ಒಬ್ಬ ಅಕ್ಕ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಹೊತ್ತು ತರುತ್ತಾರೆ. ಅವರು ಬಂದರೆ ನಾಲ್ಕು ಮನೆಯ ಬಾಗಿಲು ತೆರೆಯುತ್ತವೆ. ಕೂರಿಸಿ ಚಹಾ ಕೊಡುತ್ತಾರೆ. ಅವರೂ ಮಾರುವವರೇ, ಮನೆಮನೆಗೇ ಬರುವವರು.

ವ್ಯತ್ಯಾಸ ಎಲ್ಲಿದೆ ಅಂದರೆ, ಆ ಅಕ್ಕನಿಗೆ ನಾನು ಗಿರಾಕಿ. ನಾನು ರೊಟ್ಟಿ ತಿಂದರೆ ಅವರ ವ್ಯಾಪಾರ ಮುಗಿಯಿತು. ನಾನೂ ರೊಟ್ಟಿ ಮಾರಬೇಕು, ನನ್ನ ತಂಗಿಯಿಂದಲೂ ಮಾರಿಸಬೇಕು ಅಂತ ಅವರು ಕೇಳುವುದಿಲ್ಲ. ಚೈನ್‌ನಲ್ಲಿ ಹಾಗಲ್ಲ. ಸೋಪು, ಪೇಸ್ಟು, ಪೌಡರ್ ಡಬ್ಬಿ ಎಲ್ಲ ಇರುತ್ತವೆ. ಆದರೆ ಮನೆಗೆ ಬಂದವರ ಕಣ್ಣು ನನ್ನ ಬಚ್ಚಲುಮನೆಯ ಮೇಲೆ ಇರುವುದಿಲ್ಲ, ನನ್ನ ಫೋನಿನಲ್ಲಿರುವ ಹೆಸರುಗಳ ಮೇಲೆ ಇರುತ್ತದೆ. ಸೇರಿದ ಮೊದಲ ವಾರವೇ ಲಿಸ್ಟ್ ಬರೆಸುತ್ತಾರೆ. ನೂರು ಹೆಸರು ಬರಿ. ಕಾಕಾ, ಮಾವ, ಹೈಸ್ಕೂಲ್ ಗೆಳೆಯ, ಬಾಡಿಗೆ ಮನೆಯ ಮಾಲೀಕ, ಯಾರನ್ನೂ ಬಿಡಬೇಡ ಅಂತ. ಹತ್ತು ವರ್ಷ ಮಾತೇ ಇಲ್ಲದ ಗೆಳೆಯ ಫೋನ್ ಮಾಡುತ್ತಾನೆ. "ಆರಾಮ ಇದ್ದೀಯಿಲ್ಲೋ? ಐತವಾರ ಬಿಡುವು ಮಾಡ್ಕೋ, ಒಂದು ಚಲೋ ಸುದ್ದಿ ಐತಿ" ಅನ್ನುತ್ತಾನೆ. ಏನು ಅಂತ ಕೇಳಿದರೆ ಹೇಳುವುದಿಲ್ಲ. ಪ್ರೀತಿಯಿಂದ ಹೋದರೆ ಒಂದು ಹಾಲ್, ಮೈಕು, ಬೋರ್ಡಿನ ಮೇಲೆ ಯಾರ ಕೆಳಗೆ ಯಾರು ಅಂತ ತೋರಿಸುವ ಗೋಲಗಳು. ಮನುಷ್ಯನಿಗೆ ನೋವಾಗುವುದು ಅಲ್ಲಿ. ನನ್ನ ನೆನಪಾಗಿ ಕರೆದ ಅಂದುಕೊಂಡಿದ್ದೆ, ಲಿಸ್ಟಿನಲ್ಲಿ ನನ್ನ ಹೆಸರಿತ್ತು ಅಷ್ಟೇ. ಜನ ಮುಖ ತಿರುಗಿಸುವುದಕ್ಕೆ ನನ್ನ ಮಟ್ಟಿಗೆ ಇದೇ ದೊಡ್ಡ ಕಾರಣ.

ಗೆಳೆತನ, ನೆಂಟಸ್ತಿಕೆ ನಂಬಿ ದುಡ್ಡಿನ ವ್ಯವಹಾರ ಮಾಡುವುದು ನಮ್ಮ ಕಡೆ ಹೊಸದೇನಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದಲ್ಲೇ ಅಂಥ ಮೊದಲ ಸಂಘ ಅದು. ಒಬ್ಬರನ್ನೊಬ್ಬರು ಬಲ್ಲ ಊರವರ ನಂಬಿಕೆಯೇ ಅದರ ಬಂಡವಾಳ. ಇವತ್ತಿಗೂ ಓಣಿ ಓಣಿಯಲ್ಲಿ ಹೆಣ್ಣುಮಕ್ಕಳು ಭಿಶಿ ಹಾಕುತ್ತಾರೆ. ಇಪ್ಪತ್ತು ಮಂದಿ ತಿಂಗಳಿಗೆ ಸಾವಿರ ಹಾಕಿದರೆ ಪ್ರತಿ ತಿಂಗಳು ಒಬ್ಬರಿಗೆ ಇಪ್ಪತ್ತು ಸಾವಿರ. ಇಪ್ಪತ್ತು ತಿಂಗಳಿಗೆ ಎಲ್ಲರೂ ಹಾಕಿದ್ದು ಎಲ್ಲರಿಗೂ ಬಂದಿರುತ್ತದೆ. ಭಿಶಿಯಲ್ಲೂ ದುಡ್ಡು ಮುಳುಗಿದ್ದಿದೆ, ಎತ್ತಿಕೊಂಡು ಊರು ಬಿಟ್ಟವರಿದ್ದಾರೆ. ಆದರೆ ಆ ಲೆಕ್ಕ ಕೂಡಬೇಕಾದರೆ ಹೊಸಬರು ಬೇಕಿಲ್ಲ. ಇದ್ದ ಇಪ್ಪತ್ತು ಮಂದಿ ನಿಯತ್ತಾಗಿದ್ದರೆ ಸಾಕು. ಚೈನ್‌ನಲ್ಲಿ ಎಲ್ಲರೂ ನಿಯತ್ತಾಗಿದ್ದರೂ ಲೆಕ್ಕ ಕೂಡುವುದಿಲ್ಲ.

ಹೇಗೆ ಅಂತ ಹುಡುಗರಿಗೆ ಹಾಳೆಯ ಮೇಲೆ ಬರೆದು ತೋರಿಸುತ್ತೇನೆ. ಒಬ್ಬ ಆರು ಮಂದಿಯನ್ನು ಸೇರಿಸುತ್ತಾನೆ, ಆ ಆರು ಮಂದಿ ತಲಾ ಆರು ಅಂತ ಇಟ್ಟುಕೊಳ್ಳಿ. 6, 36, 216, 1,296, 7,776, 46,656. ಏಳನೇ ಸಾಲಿಗೆ 2,79,936 ಮಂದಿ ಬೇಕು. 2011ರ ಜನಗಣತಿಯಲ್ಲಿ ಗದಗ-ಬೆಟಗೇರಿಯ ಜನಸಂಖ್ಯೆ ಒಂದು ಲಕ್ಷ 72 ಸಾವಿರ, ತೊಟ್ಟಿಲಲ್ಲಿರುವ ಕೂಸುಗಳೂ ಸೇರಿ. ಎಂಟನೇ ಸಾಲಿಗೆ 16,79,616 ಮಂದಿ. ಹುಬ್ಬಳ್ಳಿ-ಧಾರವಾಡ ಎರಡೂ ಕೂಡಿ ಆಗ ಒಂಬತ್ತು ಲಕ್ಷ 43 ಸಾವಿರ ಇತ್ತು. ಊರು ಮುಗಿಯುತ್ತದೆ ಅನ್ನುವುದು ಇದರಲ್ಲಿ ಸಣ್ಣ ವಿಷಯ. ದೊಡ್ಡದು ಇನ್ನೊಂದಿದೆ. ಯಾವ ಸಾಲಿಗೆ ನಿಂತರೂ ಕೊನೆಯ ಸಾಲಿನವರ ಕೆಳಗೆ ಯಾರೂ ಇರುವುದಿಲ್ಲ. ಆರರ ಲೆಕ್ಕದಲ್ಲಿ ಆ ಕೊನೆಯ ಸಾಲೇ ಒಟ್ಟು ಮಂದಿಯಲ್ಲಿ ನೂರಕ್ಕೆ 83. "ಆರು ಬ್ಯಾಡ್ರಿ, ಎಡಕ್ಕೊಬ್ಬ ಬಲಕ್ಕೊಬ್ಬ ಸಾಕು" ಅನ್ನುವ ಪ್ಲಾನ್‌ನಲ್ಲೂ ಅರ್ಧಕ್ಕಿಂತ ಜಾಸ್ತಿ ಮಂದಿ ಕೊನೆಯ ಸಾಲಿನಲ್ಲೇ. ಅವರು ಸೋಮಾರಿಗಳಲ್ಲ. ನೀನು ಸರಿಯಾಗಿ ದುಡಿಯಲಿಲ್ಲ, ನಿನಗೆ ಕನಸಿಲ್ಲ ಅಂತ ಅವರಿಗೆ ಹೇಳುತ್ತಾರಲ್ಲ, ಅದು ಕೇಳಿದಾಗ ನನಗೆ ಸಿಟ್ಟು ಬರುತ್ತದೆ. ಯಾರೋ ಒಬ್ಬರು ಆ ಜಾಗದಲ್ಲಿ ಇರಲೇಬೇಕು ಅನ್ನುವ ಹಾಗೆ ಕಟ್ಟಿದ ಮನೆ ಅದು.

"ಸರ, ನಮ್ದು ಸರ್ಕಾರದಾಗ ರಿಜಿಸ್ಟರ್ ಆಗೇತ್ರಿ" ಅನ್ನುತ್ತಾರೆ. ಕಂಪನಿ ನೋಂದಣಿ ಆಗುವುದು ಒಂದು, ಅದರ ಪ್ಲಾನ್ ಸರಿ ಇರುವುದು ಇನ್ನೊಂದು. ಮಾಲು ನೇರವಾಗಿ ಮಾರುವ ವ್ಯಾಪಾರಕ್ಕೆ ನಮ್ಮ ದೇಶದಲ್ಲಿ ಅಡ್ಡಿ ಇಲ್ಲ. 2021ರ ಡಿಸೆಂಬರ್ 28ರಂದು ಕೇಂದ್ರ ಸರ್ಕಾರ ಅದಕ್ಕೆ ನಿಯಮ ಮಾಡಿತು. ಸೇರುವುದಕ್ಕೆ ಶುಲ್ಕ ತೆಗೆದುಕೊಳ್ಳುವ ಹಾಗಿಲ್ಲ. ಮಂದಿ ಸೇರಿಸಿದ್ದಕ್ಕೆ ಲಾಭ ಹಂಚುವ ಪಿರಮಿಡ್ ಸ್ಕೀಮ್ ನಡೆಸುವ ಹಾಗಿಲ್ಲ. ಸೇರಿದವರಿಗೆ ಮನಸ್ಸು ಬದಲಾದರೆ ದಂಡವಿಲ್ಲದೆ ಹೊರಬರಲು ಒಂದಿಷ್ಟು ದಿನ ಕೊಡಬೇಕು. ಮಾರುವವರು ಗುರುತಿನ ಚೀಟಿ ಇಟ್ಟುಕೊಳ್ಳಬೇಕು, ಮೊದಲೇ ಕೇಳದೆ ಯಾರ ಮನೆಗೂ ಹೋಗುವ ಹಾಗಿಲ್ಲ. ಇದಕ್ಕೂ ಮೊದಲು 1978ರಲ್ಲೇ ಒಂದು ಕಾಯ್ದೆ ಬಂದಿತ್ತು, ದುಡ್ಡು ಸುತ್ತಿಸುವ ಸ್ಕೀಮ್‌ಗಳನ್ನು ನಿಷೇಧಿಸುವುದಕ್ಕೆ. ಶಿಕ್ಷೆ ಮೂರು ವರ್ಷದವರೆಗೆ ಜೈಲು. ಹುಡುಗರು ಗಮನಿಸದ ಒಂದು ಮಾತು ಅದರಲ್ಲಿದೆ. ಸ್ಕೀಮ್ ನಡೆಸುವವರಿಗೆ ಮಾತ್ರ ಅಲ್ಲ, ಅದರಲ್ಲಿ ಸದಸ್ಯರಾಗಿ ಸೇರುವವರಿಗೂ ಆ ಕಾಯ್ದೆ ಅನ್ವಯಿಸುತ್ತದೆ.

ಕೆಲವು ವರ್ಷದ ಹಿಂದೆ ಬಂದ ಒಬ್ಬ ಹುಡುಗನ ಲೆಕ್ಕ ಹೇಳುತ್ತೇನೆ. ಅಣ್ಣಿಗೇರಿ ಕಡೆಯ ಹಳ್ಳಿಯವನು. ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದ. ಆ ಓಣಿಗಳಲ್ಲಿ ಕೋಚಿಂಗ್‌ಗೆ ಬಂದ ಇಂಥ ಹುಡುಗರು ಬಹಳ. ಊರಿಂದ ದುಡ್ಡು ತರಿಸಿಕೊಳ್ಳಲು ನಾಚಿಕೆ, ವಯಸ್ಸು ಇಪ್ಪತ್ತೇಳು, ನೌಕರಿ ಇಲ್ಲ. ಪ್ಲಾನ್ ತೋರಿಸುವವರು ಅಲ್ಲಿಗೆ ಬಾರದೆ ಇನ್ನೆಲ್ಲಿಗೆ ಹೋಗುತ್ತಾರೆ? ಅವನಿಗೆ ವರ್ಷಕ್ಕೆ ಬಂದ ಕಮಿಷನ್ 41,300 ರೂಪಾಯಿ. ಆಗಿನ ಶೇಕಡಾ 5ರ ಲೆಕ್ಕದಲ್ಲಿ 2,065 ರೂಪಾಯಿ ಟಿಡಿಎಸ್. ಅವನ ಮುಖದಲ್ಲಿ ಗಳಿಸಿದವನ ಹೆಮ್ಮೆ ಇತ್ತು.

"ಖರ್ಚು ಬರಸಪಾ" ಅಂದೆ. ಐಡಿ, ಅಂದರೆ ಕಂಪನಿಯಲ್ಲಿ ತನ್ನ ಸದಸ್ಯತ್ವ, ಆಕ್ಟಿವ್ ಇಡಲು ತಿಂಗಳಿಗೆ 2,500 ರೂಪಾಯಿ ಮಾಲು ತಾನೇ ಕೊಂಡಿದ್ದ. ವರ್ಷಕ್ಕೆ 30,000. ಬೆಂಗಳೂರಿಗೆ ನಾಲ್ಕು ಸಲ ದೊಡ್ಡ ಮೀಟಿಂಗ್, ಟಿಕೆಟ್ಟು, ಬಸ್ಸು, ಊಟ ಸೇರಿ 12,000. ಪೆಟ್ರೋಲು, ಫೋನು, ಬಂದವರಿಗೆ ಚಹಾ 14,400. ಒಟ್ಟು 56,400. ಸೋಪು ಪೇಸ್ಟು ಹೇಗೂ ಬೇಕಲ್ವಾ, ತಿಂಗಳಿಗೆ 700 ಅದಕ್ಕೆ ಅಂತ ಕಳೆದೆವು. ಆದರೂ 6,700 ರೂಪಾಯಿ ಲುಕ್ಸಾನು. ಓದು ಬಿಟ್ಟು ಓಡಾಡಿದ ಒಂದು ವರ್ಷಕ್ಕೆ ನಾವು ಬೆಲೆ ಹಾಕಲೇ ಇಲ್ಲ. ಅವನು ಹಾಳೆಯನ್ನೇ ನೋಡುತ್ತ ಕೂತ. ಬ್ಯಾಂಕಿಗೆ ಬಂದದ್ದು ಅವನಿಗೆ ಕಂಡಿತ್ತು, ಜೇಬಿನಿಂದ ಹೋದದ್ದು ಕಂಡಿರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಮುಖ ತಿರುಗಿಸುವ ಮಂದಿಗೂ ಒಂದು ಮಾತು ಹೇಳಬೇಕು. ಇದು ನನ್ನ ಮನೆಯದೇ ಕಥೆ. ಬೆಟಗೇರಿಯಲ್ಲಿರುವ ನಮ್ಮಕ್ಕ ಇಂಥ ಒಂದರಲ್ಲಿ 18,000 ಹಾಕಿದ್ದಳು. ಶುಗರ್, ಮಂಡಿನೋವು, ಎಲ್ಲದಕ್ಕೂ ಆಗುತ್ತದೆ ಅಂತ ಹೇಳಿದ ಒಂದು ಜ್ಯೂಸ್ ಅದು. ಪಕ್ಕದ ಮನೆಯ ಟೇಲರ್ ಅಕ್ಕನನ್ನೂ, ತನ್ನ ನಾದಿನಿಯನ್ನೂ ಸೇರಿಸಿದ್ದಳು. ಅದೇ ವರ್ಷ ಹಾವೇರಿಯಲ್ಲಿ ನಮ್ಮ ಸಂಬಂಧಿಕರ ಮದುವೆ. ಅಕ್ಕ ಬರುವುದನ್ನು ಕಂಡು ಜಮಖಾನೆಯ ಮೇಲೆ ಕೂತಿದ್ದ ಮೂವರು ಎದ್ದು ಹೋದರು. ಇನ್ನೊಬ್ಬರು "ಯಕ್ಕಾ, ಜ್ಯೂಸ್ ತಂದೀಯೇನ?" ಅಂತ ಕೇಳಿದರು. ಸುತ್ತ ಇದ್ದವರು ನಕ್ಕರು. ನಾನೂ ಅಲ್ಲೇ ಇದ್ದೆ. ಸುಮ್ಮನಿದ್ದೆ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಅವತ್ತಿನಿಂದ ಯಾರೇ ಕೇಳಿದರೂ ಅಕ್ಕ ಹೇಳಿದ್ದು ಒಂದೇ ಮಾತು, "ಚಲೋ ನಡದೈತ್ರಿ." ದುಡ್ಡು ಹೋಯಿತು ಅಂತ ನನಗೆ ಹೇಳಿದ್ದು ಎರಡು ವರ್ಷದ ಮೇಲೆ. ಆ ಎರಡು ವರ್ಷದಲ್ಲಿ ಅವಳ ಮಾತು ನಂಬಿ ಓಣಿಯಲ್ಲಿ ಇನ್ನಿಬ್ಬರು ಸೇರಿದ್ದರು. ನಾವು ನಗದೇ ಇದ್ದಿದ್ದರೆ ಅವಳು ಮೊದಲೇ ಬಾಯಿ ಬಿಡುತ್ತಿದ್ದಳು ಅಂತ ನಾನು ನಂಬುತ್ತೇನೆ. ಕಳೆದುಕೊಂಡವರು ಸುಮ್ಮನಿರುತ್ತಾರೆ, ಗಳಿಸಿದ ನಾಲ್ಕು ಮಂದಿ ಮೈಕಿನಲ್ಲಿ ಮಾತಾಡುತ್ತಾರೆ. ಅಮೆರಿಕದಲ್ಲಿ 2016ರಲ್ಲಿ ಹರ್ಬಲೈಫ್ ಕಂಪನಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಜೊತೆ ರಾಜಿ ಮಾಡಿಕೊಂಡು 20 ಕೋಟಿ ಡಾಲರ್ ಕೊಟ್ಟಿತು. ಮರುವರ್ಷ ಹೆಚ್ಚುಕಡಿಮೆ ಮೂರೂವರೆ ಲಕ್ಷ ಮಂದಿಗೆ ಚೆಕ್ ಹೋದವು. ಆ ಸಂಖ್ಯೆ ಓದಿದಾಗ ನನಗೆ ನೆನಪಾದದ್ದು ಹಾವೇರಿಯ ಆ ಜಮಖಾನೆ. ಅವರಲ್ಲಿ ಎಷ್ಟು ಮಂದಿ ತಮ್ಮ ಮನೆಯವರಿಗೂ ಹೇಳದೆ ನುಂಗಿಕೊಂಡಿದ್ದರೋ.

ಟೇಲರ್ ಅಕ್ಕ ಹಾಕಿದ್ದ ದುಡ್ಡನ್ನು ನಮ್ಮಕ್ಕ ಮರುವರ್ಷ ತನ್ನ ಭಿಶಿ ಎತ್ತಿ ಕೊಟ್ಟಳು. ಕೊಡಬೇಕಾದ ಕಾನೂನೇನೂ ಇರಲಿಲ್ಲ.

ಆದ್ದರಿಂದ ಹುಡುಗರಿಗೆ ನನ್ನ ಉತ್ತರ ಹೀಗೆ. ಮಂದಿಗೆ ನಿನ್ನ ದುಡಿಮೆಯ ಮೇಲೆ ಸಿಟ್ಟಿಲ್ಲ. ಅವರ ನಂಟನ್ನು ನೀನು ಲೆಕ್ಕದ ಪುಸ್ತಕಕ್ಕೆ ಹಾಕಿದೆ ಅಂತ ನೋವಿದೆ. ಆ ನೋವು ನ್ಯಾಯ. ಆದರೆ ಅದು ನಗೆಯಾಗಿ ನಿನ್ನ ಮೇಲೆ ಬೀಳುವುದು ನ್ಯಾಯವಲ್ಲ. ಸೇರಬೇಕಾ ಅಂತ ಕೇಳಿದರೆ, ಬೇಡ ಅನ್ನುತ್ತೇನೆ. ಸೇರಿಯಾಗಿದ್ದರೆ, ನಿನ್ನನ್ನು ಸೇರಿಸಿದ ಅಪ್‌ಲೈನ್ ಏನಾದರೂ ಅನ್ನಲಿ, ಮೂರು ತಿಂಗಳ ಖರ್ಚು ಒಂದು ಹಾಳೆಯ ಮೇಲೆ ಬರೆದು ಮನೆಯಲ್ಲಿ ಒಬ್ಬರಿಗೆ ತೋರಿಸು. ದುಡ್ಡು ಸಿಕ್ಕಿಕೊಂಡಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡು. ಆನ್‌ಲೈನ್ ಆ್ಯಪ್‌ಗೆ ಹಾಕಿ ಮೋಸ ಹೋಗಿದ್ದರೆ 1930ಕ್ಕೆ, ಅದೇ ದಿನ.

ಆ ಸಪ್ತಾಪುರದ ಹುಡುಗ ಅವತ್ತು ಎದ್ದು ಹೋಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕೇಳಿದ. "ಸರ, ನನ್ನ ಕೆಳಗ ಹನ್ನೊಂದು ಮಂದಿ ಅದಾರ್ರಿ. ಅವರ ಲೆಕ್ಕ ಹೆಂಗರಿ?" ಅವರಿಗೇ ಫೋನ್ ಮಾಡು ಅಂದೆ. ನನ್ನ ಆಫೀಸಿನಲ್ಲೇ ಕೂತು ಒಬ್ಬೊಬ್ಬರಿಗೇ ಮಾಡಿದ. ಮೊದಲನೆಯದು ಅವನ ಸೋದರಮಾವನಿಗೆ. "ಮಾವಾ, ನಂದು ಲುಕ್ಸಾನ್ ಆಗೇತಿ. ನಿಂದು ಎಷ್ಟಾತು ಹೇಳು" ಅಂದ. ಆ ಕಡೆಯಿಂದ ಬಹಳ ಹೊತ್ತು ಮಾತು ಬರಲಿಲ್ಲ. ಆಮೇಲೆ ಬಂತು. ಮೂವರ ಮನೆಯಲ್ಲಿ ಸೀಲ್ ಒಡೆಯದ ಡಬ್ಬಿಗಳಿದ್ದವು. ಮರುದಿನ ಬಿಲ್ಲುಗಳನ್ನು ಹುಡುಕಿ ಕಂಪನಿಗೆ ವಾಪಸ್ ಮಾಡಲು ಅರ್ಜಿ ಬರೆದೆವು. ಇಬ್ಬರಿಗೆ ದುಡ್ಡು ಬಂತು. ಮೂರನೆಯವರ ಬಿಲ್ಲು ಸಿಗಲಿಲ್ಲ.