ಮೆಟಾಲಿಕ್ ಎಪಾಕ್ಸಿ ನೆಲಕ್ಕೆ ನಾನು ಹಾಕಿದ ಲೆಕ್ಕ

ಮೈಸೂರಿನ ನಮ್ಮ ಮನೆಯ ಹಾಲ್ ಮತ್ತು ಅದಕ್ಕೆ ಸೇರಿದ ಊಟದ ಜಾಗಕ್ಕೆ ಕಳೆದ ಫೆಬ್ರುವರಿಯಲ್ಲಿ ಮೆಟಾಲಿಕ್ ಎಪಾಕ್ಸಿ ನೆಲ, ಅಂದರೆ ದ್ರವವಾಗಿ ಸುರಿದು ಗಟ್ಟಿಯಾಗಲು ಬಿಡುವ ಮಿನುಗುವ ನೆಲ, ಹಾಕಿಸಿದೆವು. ಮನೆಗೆ ಬಂದವರು ಕಡುನೀಲಿಯ ಮೇಲೆ ಹರಡಿರುವ ಬೆಳ್ಳಿಬಣ್ಣದ ಅಲೆಗಳನ್ನು ಒಂದು ಕ್ಷಣ ನೋಡಿ, ಚದರ ಅಡಿಗೆ ಎಷ್ಟಾಯಿತು ಎಂದು ಕೇಳುತ್ತಾರೆ. ಅದಕ್ಕೆ ಒಂದೇ ಅಂಕಿಯಲ್ಲಿ ಉತ್ತರ ಕೊಟ್ಟರೆ ಅವರನ್ನು ದಾರಿ ತಪ್ಪಿಸಿದಂತಾಗುತ್ತದೆ. ಈ ನೆಲದ ಖರ್ಚನ್ನೂ ಬಾಳಿಕೆಯನ್ನೂ ನಿರ್ಧರಿಸುವುದು ಕಣ್ಣಿಗೆ ಬೀಳುವ ಮಿನುಗಲ್ಲ, ಅದರ ಕೆಳಗಿನ ಮತ್ತು ಮೇಲಿನ ಪದರಗಳು. ಆ ಪದರಗಳ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಇದನ್ನು ನಾನು ಕಲಿತದ್ದು ನಷ್ಟ ಮಾಡಿಕೊಂಡ ಮೇಲೆ. 2022ರ ಜುಲೈನಲ್ಲಿ ನೆಲಮಹಡಿಯ 120 ಚದರ ಅಡಿಯ ಮಲಗುವ ಕೋಣೆಗೆ, ಚದರ ಅಡಿಗೆ 130 ರೂಪಾಯಿಯಂತೆ 15,600 ರೂಪಾಯಿ ಕೊಟ್ಟು ಇದೇ ಬಗೆಯ ನೆಲ ಮಾಡಿಸಿದ್ದೆ. ಕೆಲಸದವರು ಹಳೆಯ ಮೊಸಾಯಿಕ್ ನೆಲವನ್ನು ಉಜ್ಜಿ ತೊಳೆದು, ಎರಡು ದಿನ ಒಣಗಲು ಬಿಟ್ಟು, ಮೇಲೆ ಎಪಾಕ್ಸಿ ಸುರಿದರು. ದೀಪಾವಳಿಯ ಹೊತ್ತಿಗೆ ಗೋಡೆಯ ಬದಿಯಲ್ಲಿ ನೆಲ ಗುಳ್ಳೆ ಗುಳ್ಳೆಯಾಗಿ ಎದ್ದಿತು. ಸಂಕ್ರಾಂತಿಯ ವೇಳೆಗೆ ಗುಳ್ಳೆಗಳು ಒಡೆದು ಸಿಪ್ಪೆಯಂತೆ ಏಳತೊಡಗಿದವು. ಮೊಸಾಯಿಕ್‌ಗೆ ವರ್ಷಾನುಗಟ್ಟಲೆ ಮೇಣ ಹಚ್ಚಿ ಹೊಳಪು ಕೊಟ್ಟಿದ್ದ ಕಾರಣ ಎಪಾಕ್ಸಿಗೆ ಹಿಡಿತ ಸಿಕ್ಕಿರಲಿಲ್ಲ. ಅದರ ಜೊತೆಗೆ ಮಳೆಗಾಲದಲ್ಲಿ ಮಣ್ಣಿನಿಂದ ಮೇಲೇರುವ ತೇವ ಹೊರಹೋಗಲು ದಾರಿಯಿಲ್ಲದೆ ಪದರವನ್ನು ಕೆಳಗಿನಿಂದಲೇ ಎತ್ತಿತ್ತು. ಗುತ್ತಿಗೆದಾರರು ನೆಲದ ತೇವವನ್ನು ಪರೀಕ್ಷಿಸಿರಲಿಲ್ಲ. ಪರೀಕ್ಷಿಸಿ ಎಂದು ಹೇಳುವ ತಿಳಿವಳಿಕೆ ನನಗೂ ಇರಲಿಲ್ಲ.

ಆದ್ದರಿಂದ ಹಾಲ್‌ನ ಸರದಿ ಬಂದಾಗ ಮೊದಲು ಈ ನೆಲದ ರಚನೆಯನ್ನು ಅರ್ಥಮಾಡಿಕೊಂಡೆ. ಎಪಾಕ್ಸಿ ಎಂದರೆ ರೆಸಿನ್ ಮತ್ತು ಹಾರ್ಡನರ್ ಎಂಬ ಎರಡು ದ್ರವಗಳು. ಹೇಳಿದ ಪ್ರಮಾಣದಲ್ಲಿ ಬೆರೆಸಿದಾಗ ಅವು ರಾಸಾಯನಿಕವಾಗಿ ಕೂಡಿ ಗಟ್ಟಿಯಾಗುತ್ತವೆ. ಮೆಟಾಲಿಕ್ ಎಂದು ಕರೆದರೂ ಅದರಲ್ಲಿ ಹೆಚ್ಚಾಗಿ ಇರುವುದು ಲೋಹವಲ್ಲ, ತೆಳುವಾದ ಲೇಪನವಿರುವ ಅಭ್ರಕದ ಪುಡಿ. ದ್ರವ ಇನ್ನೂ ಹರಿಯುತ್ತಿರುವಾಗ ಆ ಪುಡಿ ಸರಿದಾಡಿ, ತಿರುಗಿ, ಬೆಳಕನ್ನು ಬೇರೆ ಬೇರೆ ಕೋನದಲ್ಲಿ ಹಿಂದಿರುಗಿಸುವುದರಿಂದ ಅಲೆಯ ಆಳ ಕಾಣಿಸುತ್ತದೆ. ಈ ಸರಿದಾಟಕ್ಕೆ ದಪ್ಪ ಬೇಕು. ಪದರ ತೆಳುವಾದರೆ ಅಲೆ ಮೂಡದೆ ಬರಿಯ ಹೊಳೆಯುವ ಬಣ್ಣ ಬಳಿದಂತೆ ಉಳಿಯುತ್ತದೆ.

ದಪ್ಪವನ್ನು ಅಳೆಯಲು ಬಹಳ ಸರಳವಾದ ಒಂದು ಲೆಕ್ಕವಿದೆ, ಅದು ನನ್ನ ಬಜೆಟ್ಟಿನ ಕೀಲಿಯಾಯಿತು. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಲೀಟರ್ ದ್ರವವನ್ನು ಸಮನಾಗಿ ಹರಡಿದರೆ ಅದು ಒಂದು ಮಿಲಿಮೀಟರ್ ದಪ್ಪ ನಿಲ್ಲುತ್ತದೆ. ನಮ್ಮ ಜಾಗ 22 ಅಡಿ ಉದ್ದ, 15 ಅಡಿ ಅಗಲ. ಅಂದರೆ 330 ಚದರ ಅಡಿ, ಸುಮಾರು 30.7 ಚದರ ಮೀಟರ್. ಮೆಟಾಲಿಕ್ ಪದರ ಎರಡು ಮಿಲಿಮೀಟರ್ ಇರಬೇಕಾದರೆ ಸುಮಾರು 61 ಲೀಟರ್ ಮಿಶ್ರಣ ಬೇಕು. ಲೀಟರಿಗೆ ಸುಮಾರು 1.1 ಕಿಲೋ ತೂಗುವುದರಿಂದ ಅದು 67 ಕಿಲೋ ಆಗುತ್ತದೆ. ಗುತ್ತಿಗೆದಾರರು ಎಷ್ಟು ಕಿಲೋ ಮಾಲು ತರುತ್ತಾರೆ ಎಂದು ಕೇಳಿದರೆ ಸಾಕು, ಅವರು ಹೇಳುವ ದಪ್ಪ ನಿಜವೇ ಎಂಬುದು ತಿಳಿಯುತ್ತದೆ.

ಮೂರು ಕಡೆಯಿಂದ ಕೊಟೇಶನ್ ತರಿಸಿದೆ. ಮೊದಲನೆಯವರು ಚದರ ಅಡಿಗೆ 165, ಎರಡನೆಯವರು 240, ಮೂರನೆಯವರು 310 ರೂಪಾಯಿ ಹೇಳಿದರು. ಮೇಲ್ನೋಟಕ್ಕೆ ಮೊದಲನೆಯವರ 54,450 ರೂಪಾಯಿಗೂ ಮೂರನೆಯವರ 1,02,300 ರೂಪಾಯಿಗೂ ಹೋಲಿಕೆಯೇ ಇರಲಿಲ್ಲ. ಎರಡನೆಯವರು ದಪ್ಪವನ್ನು ಬರೆದುಕೊಡಲು ಒಪ್ಪದ ಕಾರಣ ಅವರನ್ನು ಅಲ್ಲಿಗೇ ಬಿಟ್ಟೆ. ಮೊದಲನೆಯವರ ಹತ್ತಿರ ಕುಳಿತು, ಆ ದರದಲ್ಲಿ ಏನೇನು ಸೇರಿಲ್ಲ ಎಂದು ಒಂದೊಂದಾಗಿ ಬರೆಸಿಕೊಂಡೆ. ಎಪಾಕ್ಸಿಗೆ ಹಿಡಿತ ಸಿಗುವಂತೆ ಹಳೆಯ ನೆಲವನ್ನು ಯಂತ್ರದಿಂದ ಉಜ್ಜಿ ಒರಟಾಗಿಸುವ ಡೈಮಂಡ್ ಗ್ರೈಂಡಿಂಗ್‌ಗೆ ಚದರ ಅಡಿಗೆ 25ರಂತೆ 8,250, ಬಿರುಕು ಮತ್ತು ಸಂದು ತುಂಬಲು 6,000, ಮೇಲಿನ ಪಾಲಿಯುರೆಥೇನ್ ಲೇಪನಕ್ಕೆ ಚದರ ಅಡಿಗೆ 45ರಂತೆ 14,850. ಒಟ್ಟು 83,550 ರೂಪಾಯಿ. ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಸೇರಿದರೆ 98,589. ಮೂರನೆಯವರ ದರದಲ್ಲಿ ಇವೆಲ್ಲವೂ ತೆರಿಗೆಯೊಡನೆ ಸೇರಿದ್ದವು. ಹೀಗೆ 48 ಸಾವಿರದ ಅಂತರವೆಂದು ಕಂಡದ್ದು ನಿಜದಲ್ಲಿ 3,711 ರೂಪಾಯಿ ಮಾತ್ರವಾಗಿತ್ತು. ಅಷ್ಟಾದರೂ ಮೊದಲನೆಯವರು ತರುವುದಾಗಿ ಹೇಳಿದ ಮಾಲು 34 ಕಿಲೋ, ಅಂದರೆ ಒಂದೇ ಮಿಲಿಮೀಟರ್ ದಪ್ಪಕ್ಕೆ ಆಗುವಷ್ಟು.

ಮೂರನೆಯವರನ್ನು ಗೊತ್ತುಮಾಡಿದ ಮೇಲೆ ಮುಂಗಡ ಕೊಡುವ ಮೊದಲೇ ತೇವದ ಪರೀಕ್ಷೆ ಮಾಡಿಸಿದೆ. ಇದಕ್ಕೆ ಯಾವ ಯಂತ್ರವೂ ಬೇಕಿಲ್ಲ. ಹದಿನೆಂಟು ಅಂಗುಲ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲಿಟ್ಟು ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಅಂಟಿಸಿ, ಕನಿಷ್ಠ 16 ಗಂಟೆ ಬಿಟ್ಟು ತೆಗೆದು ನೋಡಬೇಕು. ಹಾಳೆಯ ಒಳಮೈಯಲ್ಲಿ ನೀರಿನ ಹನಿ ಕಂಡರೆ, ಇಲ್ಲವೇ ನೆಲದ ಬಣ್ಣ ಕಪ್ಪಾಗಿದ್ದರೆ, ಕೆಳಗಿನಿಂದ ತೇವ ಬರುತ್ತಿದೆ ಎಂದೇ ಅರ್ಥ. ಐದು ಕಡೆ ಹಾಳೆ ಅಂಟಿಸಿದ್ದೆವು. ಅಡುಗೆಮನೆಯ ಗೋಡೆಗೆ ತಾಗಿದ ಭಾಗದಲ್ಲಿ ಮಾತ್ರ ಹನಿ ಕಂಡಿತು. ಅಲ್ಲಿನ 95 ಚದರ ಅಡಿಗೆ ತೇವ ತಡೆಯುವ ವಿಶೇಷ ಪ್ರೈಮರ್ ಎರಡು ಕೋಟ್ ಹಾಕಿಸಲು ಚದರ ಅಡಿಗೆ 80ರಂತೆ 7,600 ರೂಪಾಯಿ ಹೆಚ್ಚಾಯಿತು. ಮಲಗುವ ಕೋಣೆಯಲ್ಲಿ ಹಾಳಾದ 15,600 ರೂಪಾಯಿಯನ್ನು ನೆನೆದು ಈ ಹಣವನ್ನು ಚೌಕಾಸಿ ಮಾಡದೆ ಕೊಟ್ಟೆ.

ಕೊಟೇಶನ್‌ನಲ್ಲಿ ಎಲ್ಲಿಯೂ ಕಾಣದ, ಆದರೆ ಮನೆಯವರ ಕಿಸೆಯಿಂದಲೇ ಹೋಗುವ ಖರ್ಚುಗಳೂ ಇವೆ. ನೆಲದ ಮಟ್ಟ ಏರುವುದರಿಂದ ಮೂರು ಬಾಗಿಲುಗಳ ಕೆಳಅಂಚಿಗೆ ಬಡಗಿಯಿಂದ ಕೀಸುಳಿ ಹಾಕಿಸಲು 1,800 ರೂಪಾಯಿ ಆಯಿತು. ಸೋಫಾ, ಬೀರು, ಊಟದ ಮೇಜುಗಳನ್ನು ಮೇಲಿನ ಮಹಡಿಗೆ ಸಾಗಿಸಿ ಮತ್ತೆ ಇಳಿಸಲು 3,500. ಗೋಡೆಯ ಬುಡದ ಸ್ಕರ್ಟಿಂಗ್ ಹೊಸದಾಗಿ ಮಾಡಿಸಲು 5,200. ಗುತ್ತಿಗೆಯ 1,02,300 ರೂಪಾಯಿಗೆ ಇವು ಸೇರಿ 1,12,800 ರೂಪಾಯಿಯಾಗಿತ್ತು; ಅದರ ಮೇಲೆ ಶೇಕಡಾ 12, ಅಂದರೆ 13,536 ರೂಪಾಯಿಯನ್ನು ಮುನ್ಸೂಚನೆಯಿಲ್ಲದೆ ಬರುವ ಖರ್ಚಿಗೆಂದು ತೆಗೆದಿಟ್ಟಿದ್ದೆ. ತೇವದ ಪ್ರೈಮರ್‌ನ ಹಣ ಆ ಮೀಸಲಿನಿಂದಲೇ ಹೋಯಿತು. ಕೊನೆಗೆ ಆದ ಒಟ್ಟು ವೆಚ್ಚ 1,20,400 ರೂಪಾಯಿ. ಆದ್ದರಿಂದ ನನ್ನ ನೆಲದ ನಿಜವಾದ ದರ 310 ಅಲ್ಲ, ಸುಮಾರು 365.

ಕೂಲಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಬೆರೆಸಿದ ಎಪಾಕ್ಸಿ ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು ಗಂಟೆ ಮಾತ್ರ ಕೆಲಸಕ್ಕೆ ಬರುತ್ತದೆ. ಬಕೆಟ್‌ನಲ್ಲಿ ಹಾಗೆಯೇ ಬಿಟ್ಟರೆ ತನ್ನದೇ ಶಾಖದಿಂದ ಇನ್ನೂ ಬೇಗ ಗಟ್ಟಿಯಾಗುತ್ತದೆ. ಒಂದು ಭಾಗ ಗಟ್ಟಿಯಾದ ಮೇಲೆ ಪಕ್ಕದ ಭಾಗ ಸುರಿದರೆ ಸೇರಿದ ಗೆರೆ ಶಾಶ್ವತವಾಗಿ ಉಳಿಯುತ್ತದೆ. ಆದ್ದರಿಂದ ಒಬ್ಬರು ಬೆರೆಸುತ್ತ, ಒಬ್ಬರು ಸುರಿದು ಹರಡುತ್ತ, ಇನ್ನೊಬ್ಬರು ಅಲೆ ಮೂಡಿಸುತ್ತ ಎಡೆಬಿಡದೆ ಸಾಗಬೇಕು. ನಮ್ಮಲ್ಲಿ ನಾಲ್ವರು ಇದ್ದರು. ಅವರಲ್ಲಿ ಹಿರಿಯರಾದವರ ಕೈಚಳಕವನ್ನು ಬಾಗಿಲಲ್ಲಿ ನಿಂತು ನೋಡುವಾಗ, ಬಾಲ್ಯದಲ್ಲಿ ಅಜ್ಜಿಯ ಮನೆಯ ಕೆಂಪು ಗಾರೆ ನೆಲದ ನುಣುಪನ್ನು ಕೈಯಿಂದ ಸವರುತ್ತಿದ್ದುದು ನೆನಪಾಯಿತು. ಆ ನೆಲವನ್ನು ಮಾಡಿದ ಮೇಸ್ತ್ರಿಯೂ ಗಾರೆ ಹಸಿಯಾಗಿರುವಾಗಲೇ ಕರಣೆಯಿಂದ ತಿಕ್ಕಿ ತಿಕ್ಕಿ ಹೊಳಪು ತಂದಿರಬೇಕು. ಕೂಲಿಯಲ್ಲಿ ಉಳಿಸಲು ಹೊರಡುವವರು ಇಂತಹ ಕೈಯನ್ನೇ ಕಳೆದುಕೊಳ್ಳುತ್ತಾರೆ, ಅದು ನನಗೆ ನೋವಿನ ಸಂಗತಿ.

ಅಜ್ಜಿಯ ಮನೆಯ ಗಾರೆ ನೆಲಕ್ಕೂ ಈ ಎಪಾಕ್ಸಿ ನೆಲಕ್ಕೂ ಒಂದೇ ಕೊರತೆಯೂ ಇದೆ: ತೇಪೆ ಹಾಕಿದರೆ ತೇಪೆ ಎದ್ದು ಕಾಣುತ್ತದೆ. ಮೆಟಾಲಿಕ್ ಅಲೆ ಎರಡನೆಯ ಸಲ ಹಾಗೆಯೇ ಮೂಡುವುದಿಲ್ಲವಾದ್ದರಿಂದ ಆಳವಾದ ಗಾಯವಾದರೆ ಆ ಕೋಣೆಯ ಪದರವನ್ನೇ ಹೊಸದಾಗಿ ಸುರಿಯಬೇಕಾಗುತ್ತದೆ. ಹಾಗಾಗಿ ಮೇಲಿನ ಪಾಲಿಯುರೆಥೇನ್ ಲೇಪನವನ್ನು ಬಜೆಟ್ಟಿನಿಂದ ಎಂದಿಗೂ ತೆಗೆಯಬಾರದು. ಗೀರುಗಳನ್ನು ಅದೇ ತಡೆಯುತ್ತದೆ; ಬಿಸಿಲು ಬೀಳುವ ಕಿಟಕಿಯ ಬಳಿ ಎಪಾಕ್ಸಿ ಹಳದಿಯಾಗುವುದನ್ನು ನಿಧಾನಗೊಳಿಸುವುದೂ ಅದೇ. ಒದ್ದೆಯಾದಾಗ ಈ ನೆಲ ಜಾರುತ್ತದೆ. ಮನೆಯಲ್ಲಿ ಎಂಬತ್ತು ದಾಟಿದ ಅಮ್ಮ ಇರುವುದರಿಂದ ಕೈತೊಳೆಯುವ ಬೇಸಿನ್ ಹತ್ತಿರ ಆ ಲೇಪನದಲ್ಲಿ ನಯವಾದ ಗಾಜಿನ ಮಣಿಪುಡಿ ಬೆರೆಸಿ ಹಾಕಿಸಿದೆ. ಅಲ್ಲಿ ಹೊಳಪು ಕೊಂಚ ಕಡಿಮೆಯಾಗಿದೆ, ಆದರೆ ಅಮ್ಮ ಹೆದರದೆ ನಡೆಯುತ್ತಾರೆ.

ಹಣವನ್ನು ಮೂರು ಕಂತಿನಲ್ಲಿ ಕೊಟ್ಟೆ: ಮಾಲು ಮನೆಗೆ ಬಂದು ಡಬ್ಬಿಗಳ ತೂಕ ಎಣಿಸಿದ ಮೇಲೆ ಅರ್ಧ, ಗ್ರೈಂಡಿಂಗ್ ಮತ್ತು ಪ್ರೈಮರ್ ಮುಗಿದ ಮೇಲೆ ಕಾಲು ಭಾಗ, ಏಳು ದಿನ ಕಳೆದು ನೆಲ ಪೂರ್ತಿ ಗಟ್ಟಿಯಾದ ಮೇಲೆ ಉಳಿದದ್ದು. ನಡೆದಾಡುವ ಜಾಗದಲ್ಲಿ ಮೇಲಿನ ಲೇಪನ ಸವೆಯುವುದು ಖಚಿತವಾದ್ದರಿಂದ ನಾಲ್ಕು ವರ್ಷಗಳ ನಂತರ ಮತ್ತೆ ಹಾಕಿಸಲು ಈಗಿನ ದರದಲ್ಲಿ 14,850 ರೂಪಾಯಿ ಬೇಕು; ಅದಕ್ಕೆ ತಿಂಗಳಿಗೆ 310 ರೂಪಾಯಿ ಬೇರೆಯಾಗಿ ತೆಗೆದಿಡುತ್ತಿದ್ದೇನೆ. ಯಾವ ಲೇಪನ, ಯಾವ ಬ್ಯಾಚ್ ಎಂಬುದನ್ನು ಬಿಲ್ಲಿನ ಹಿಂಬದಿಯಲ್ಲಿ ಗುತ್ತಿಗೆದಾರರಿಂದಲೇ ಬರೆಸಿ, ಮನೆಯ ಕಂದಾಯದ ರಸೀದಿಗಳ ಜೊತೆ ಕಡತದಲ್ಲಿ ಇಟ್ಟಿದ್ದೇನೆ.